ಮುನಿರಾಜುವಿನ ಬೀಡಿ ಟೈಮ್

ಆಗ ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ ಕೌನ್ಸೆಲರ್ ಆಗಿದ್ದೆ. ಬೀಡಿ, ಸಿಗರೇಟು ಬಿಡಲು ಬಂದವರೊಡನೆ ಕೂತು ಮಾತಾಡುವುದೇ ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು. ಅದರಿಂದ ಕೆಲವರು ಬಿಟ್ಟರು, ಕೆಲವರು ನನ್ನನ್ನೇ ಬಿಟ್ಟರು.

ಮುನಿರಾಜು ಬೇತಮಂಗಲ ಕಡೆಯ ಹಳ್ಳಿಯವನು, ನಲವತ್ತರ ಆಸುಪಾಸು. ಗಂಡ ಹೆಂಡತಿ ಇಬ್ಬರೂ ದಿನಾ ಬಸ್ಸಿನಲ್ಲಿ ಆಂಡರ್ಸನ್‌ಪೇಟೆಗೆ ಬಂದು ಕಟ್ಟಡದ ಕೂಲಿ ಮಾಡುತ್ತಿದ್ದರು. ಅವನಿಗೆ ಬರ್ಜರ್ಸ್ ಕಾಯಿಲೆ. ತಂಬಾಕಿನ ದೆಸೆಯಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಬೆರಳು ಕೊಳೆಯುವ ರೋಗ ಅದು. ಎಡಗಾಲಿನ ಒಂದು ಬೆರಳನ್ನು ಆಗಲೇ ತೆಗೆದಾಗಿತ್ತು. ಬೀಡಿ ನಿಲ್ಲಿಸದಿದ್ದರೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಹೇಳಿ ನನ್ನ ಬಳಿ ಕಳಿಸಿದ್ದರು. ಈ ಕಾಯಿಲೆಗೆ ನಿಕೋಟಿನ್ನೇ ವೈರಿಯಾದ್ದರಿಂದ ನಿಕೋಟಿನ್ ಗಮ್ ಕೂಡ ಬೇಡವೆಂದಿದ್ದರು. ಉಳಿದದ್ದು ನನ್ನ ಮಾತು ಮಾತ್ರ.

ಪ್ರತಿ ಸೋಮವಾರ ಬೆಳಿಗ್ಗೆ ಬರುತ್ತಿದ್ದ. ಭಾನುವಾರ ಮನೆಯಲ್ಲಿ ಒಂದೂ ಸೇದುತ್ತಿರಲಿಲ್ಲ. ಕೆಲಸದ ದಿನ ಮಾತ್ರ ಬೀಡಿ ತಪ್ಪುತ್ತಿರಲಿಲ್ಲ. ಅದನ್ನು ಕೇಳಿಯೂ ನನಗೆ ಕಾರಣ ಹೊಳೆಯಲಿಲ್ಲ. "ಹೆಂಡತಿಗೆ ಹೆದರ್ತೀಯ, ಕಾಲು ಹೋಗುತ್ತೆ ಅಂದ್ರೆ ಹೆದರಲ್ವಾ?" ಎಂದು ಗದರಿದೆ. ಮುಂದಿನ ಎರಡು ಸೋಮವಾರ ಅವನು ಬರಲಿಲ್ಲ. ಮನಸ್ಸು ತಡೆಯದೆ ಅವನ ಕೆಲಸದ ಜಾಗಕ್ಕೇ ಹೋದೆ.

ಮೂರನೇ ಮಹಡಿ ಏಳುತ್ತಿದ್ದ ಮನೆ. ಹನ್ನೊಂದರ ಹೊತ್ತಿಗೆ ಮೇಸ್ತ್ರಿ "ಬೀಡಿ ಟೈಮ್!" ಎಂದು ಕೂಗಿದ. ಗಂಡಸರೆಲ್ಲ ಬೇವಿನ ಮರದಡಿ ಕೂತು ಬೀಡಿ ಹಚ್ಚಿದರು. ಬೀಡಿ ಸೇದದ ಹೆಂಗಸರು ತಲೆಯ ಮೇಲಿನ ಸಿಮೆಂಟಿನ ಬಾಂಡ್ಲಿ ಇಳಿಸಲೇ ಇಲ್ಲ. ಮುನಿರಾಜು ಒಂದು ಮೂಲೆಯಲ್ಲಿ ಹಚ್ಚದ ಬೀಡಿ ಹಿಡಿದು ಕೂತಿದ್ದ.

"ಏನ್ಲಾ, ಸೇದಲ್ಲ ಅಂದ್ಮ್ಯಾಲೆ ಯಾಕ್ ಕುಂತಿದ್ದೀಯ? ಎದ್ದೋಗಿ ಮ್ಯಾಲಕ್ಕೆ ಇಟ್ಟಿಗೆ ಒರು" ಎಂದ ಮೇಸ್ತ್ರಿ.

ಅವನು ಅರ್ಧ ಎದ್ದ, ಮೆಟ್ಟಿಲುಗಳನ್ನು ನೋಡಿದ, ಮತ್ತೆ ಕೂತು ಕಡ್ಡಿ ಗೀರಿದ. ನನಗೆ ನಾಚಿಕೆಯಾಯಿತು.

"ಇದನ್ನ ನನಗ್ಯಾಕೆ ಹೇಳಲಿಲ್ಲಪ್ಪಾ?" ಎಂದು ಹತ್ತಿರ ಹೋಗಿ ಕೇಳಿದೆ.

"ಕಾಲ್ ನೋವು ಅಂದ್ರೆ ನಾಳೆಯಿಂದ ಬರ್ಬ್ಯಾಡ ಅಂತಾರೆ ಮೇಡಮ್. ಬೀಡಿ ಅಂತ ಕುಂತ್ರೆ ಯಾರೂ ಏನೂ ಕೇಳಲ್ಲ."

ಮೇಸ್ತ್ರಿಯ ಮೇಲೆ ರೇಗಾಡಲು ಹೊರಟವಳು ತಡೆದುಕೊಂಡೆ. ಮುನಿರಾಜುವನ್ನು ಒಪ್ಪಿಸಿ, ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿಸಿ ಅವನಿಗೆ ಆ ಕಾಲನ್ನಷ್ಟೇ ತೋರಿಸಿದೆ. ಮೇಸ್ತ್ರಿ ಬಗ್ಗಿ ನೋಡಿದ. "ಯಾಕ್ಲಾ ಯೋಳ್ಲಿಲ್ಲ ನಂಗೆ?" ಎಂದವನು ತನ್ನ ಬೀಡಿಯನ್ನೂ ಹೊಸಕಿ ಹಾಕಿದ. ಮುನಿರಾಜುವನ್ನು ಕೆಳಗೆ ಇಟ್ಟಿಗೆ ನೆನೆಸುವ ಕೆಲಸಕ್ಕೆ ಹಾಕಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ಮ್ಯಾಕೆ ಬೀಡಿ ಟೈಮ್ ಇಲ್ಲ, ನೀರ್ ಟೈಮು. ಎಲ್ರೂ ಕುಂತ್ಕೊಳ್ಳಿ" ಎಂದ.

ಮುನಿರಾಜುವಿನ ಹೆಂಡತಿ ನಾಗವೇಣಿ ತಲೆಯ ಮೇಲಿನ ಬಾಂಡ್ಲಿ ಹಿಡಿದುಕೊಂಡೇ ಕೇಳಿದಳು: "ನಾವೂನಾ?"

"ನೀವು ನೀರ್ ಕುಡಿಯಲ್ವಾ?" ಎಂದ ಮೇಸ್ತ್ರಿ.

ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಮುನಿರಾಜು ಎರಡು ಸಲ ಸೇದಿದ, ಎರಡು ಸಲವೂ ತಾನೇ ಬಂದು ಹೇಳಿದ. ಈ ಬಾರಿ ನಾನು ಗದರಲಿಲ್ಲ. ಮೂರನೆಯ ಸಲ ಹಾಗೆ ಹೇಳುವ ಪ್ರಸಂಗ ಬರಲೇ ಇಲ್ಲ.

ನಾಲ್ಕು ವರ್ಷದ ನಂತರ, ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಬ್ಬರೂ ಸಿಕ್ಕರು. ಮುನಿರಾಜು ಪ್ಲಾಟ್‌ಫಾರಂ ಮೇಲೇ ಚಪ್ಪಲಿ ಬಿಟ್ಟು ಒಂಬತ್ತು ಬೆರಳನ್ನೂ ತೋರಿಸಿದ. ಆ ಎರಡನೆಯ ಸಲದ ನಂತರ ಒಂದು ಬೀಡಿಯೂ ಮುಟ್ಟಿಲ್ಲವಂತೆ. ನನ್ನ ಕಣ್ಣು ತುಂಬಿತು.

ಸರ್ವೀಸಿನುದ್ದಕ್ಕೂ ಬಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದದ್ದು, "ದಿನಕ್ಕೆ ಎಷ್ಟು ಬೀಡಿ?" ಕೊನೆಯ ಎರಡು ವರ್ಷ ಮಾತ್ರ, "ದಿನದಲ್ಲಿ ಎಷ್ಟು ಹೊತ್ತು ಕೂರ್ತೀರಿ?" ಎಂದೂ ಕೇಳಿದೆ. ಅದನ್ನು ಕಲಿಸಿದವನು ಮುನಿರಾಜು.

ರೈಲು ಬಂತು. ಹತ್ತುವ ಮುಂಚೆ ನಾಗವೇಣಿ ನನ್ನ ಕೈ ಹಿಡಿದು ಹೇಳಿದಳು: "ಬೀಡಿ ಬಿಟ್ಟಿದ್ದು ಅವ್ರು ಮೇಡಮ್. ನೀರ್ ಟೈಮಲ್ಲಿ ಕುಂತಿದ್ದು ನಾನೂವೆ."