ವಿಡಿಯೋ ಕಾಲಿನಲ್ಲೊಂದು ಕಿವಿ

ಹತ್ತು ಮಂದಿ ಮುದುಕರನ್ನು ಒಂದು ಟೆಂಪೋಗೆ ಹತ್ತಿಸಬಹುದು. ಒಂದು ಆ್ಯಪ್‌ಗೆ ಹತ್ತಿಸುವುದು ಮಾತ್ರ ಶತ್ರುವಿಗೂ ಬೇಡ. ಎರಡನ್ನೂ ಮಾಡಿದವನು ಇಡೀ ದಾಂಡೇಲಿಯಲ್ಲಿ ನಾನೊಬ್ಬನೇ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತೇ ಕೊನೆ.

ನಾವೆಲ್ಲ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಕೂತರೆ ಹೆಂಡತಿಯರು ಬೆಳ್ಳುಳ್ಳಿ ಸುಲಿಯಲು ಹಚ್ಚುತ್ತಾರೆಂದು, ಮದುವೆ ಮುಂಜಿವೆಗಳಲ್ಲಿ ಊಟ ಬಡಿಸುವ ತಂಡ ಕಟ್ಟಿಕೊಂಡೆವು. ನಮ್ಮನ್ನು ಕರೆಯುವವಳು ಅಡುಗೆಯ ಗುತ್ತಿಗೆ ಹಿಡಿಯುವ ಹಳಿಯಾಳದ ಹೆಂಗಸು. ವಯಸ್ಸಿನಲ್ಲಿ ನಮಗಿಂತ ಬಹಳ ಚಿಕ್ಕವಳು. ಆದರೂ ಕೈಯಲ್ಲಿ ಸೌಟು ಹಿಡಿದವಳನ್ನು ಅಕ್ಕ ಎನ್ನುವುದೇ ಕ್ಷೇಮ. ಅವಳು ನಮ್ಮನ್ನು ಕಾಕಾ ಎನ್ನುತ್ತಾಳೆ, ಬೈಯುವಾಗಲೂ.

ಹಳಿಯಾಳದ ಒಂದು ಹೊಸ ಮನೆಯ ಶಾಂತಿಯಲ್ಲಿ ಊಟದ ಹೊತ್ತು ಮುಂಚೆ ಸರಿಯಿತು. ಎಲ್ಲರಿಗೂ ಫೋನು ಹೋಯಿತು, ಎಲ್ಲರೂ ಬಂದೆವು, ನನ್ನ ಗೆಳೆಯನೊಬ್ಬ ಮಾತ್ರ ಬರಲಿಲ್ಲ. ಉಂಡವರು ಕೈ ತೊಳೆಯುವ ಹೊತ್ತಿಗೆ ಅವನು ಬಿಳಿ ಅಂಗಿ ತೊಟ್ಟು ಬಂದು ಸೇರಿದ. ಅಕ್ಕ ಪಾತ್ರೆ ತುಂಬುವುದನ್ನು ನಿಲ್ಲಿಸಿದಳು.

"ನೋಡ್ರಿ ಕಾಕಾ, ರಾಮನಗರದ ಲಗ್ನ ದೊಡ್ಡದೈತಿ. ಅಷ್ಟ್ರೊಳಗ ಯಾವುದರ ಒಂದ ಆ್ಯಪ್ ಗೊತ್ತ ಮಾಡ್ರಿ. ಅದರಾಗ ಸಿಗದವರನ್ನ ನಾ ಕೈ ಬಿಡ್ತೇನಿ. ಆಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಎಲ್ಲರೂ ಗೆಳೆಯನ ಕಡೆ ನೋಡಿದರು. ಅವನು ನಕ್ಕ. ಒಂದು ಅಕ್ಷರವೂ ಕೇಳಿಸಿರಲಿಲ್ಲ.

ವಯಸ್ಸಾದ ಮೇಲೆ ಅವನ ಕಿವಿ ಹೋಗಿದೆ. ಮಗಳು ಕಿವಿಗೆ ಯಂತ್ರ ತಂದುಕೊಟ್ಟರೆ, "ಇದನ್ನ ಹಾಕ್ಕೊಂಡ್ರ ನಿಮ್ಮವ್ವ ಏನಂತಾಳ ಅನ್ನೂದು ತಿಳೀತೈತಿ" ಎಂದು ಕಪಾಟಿನಲ್ಲಿಟ್ಟ. ಆದರೆ ಪಂಕ್ತಿಯಲ್ಲಿ ಬಕೆಟ್ ಹಿಡಿದು ನಡೆದರೆ ಅವನೇ ಮದುಮಗ. ಬಡಿಸುವ ದಿನ ಗೊತ್ತಾದರೆ ಸಾಕು, ಹಿಂದಿನ ದಿನವೇ ಅಂಗಿಗೆ ಇಸ್ತ್ರಿ, ಮುಖಕ್ಕೆ ಕ್ಷೌರ. ತಂಡದಿಂದ ಅವನನ್ನು ತೆಗೆದರೆ ಆ ಮನುಷ್ಯ ಮೆತ್ತಗಾಗುತ್ತಾನೆ. ನನಗೂ ಕಾಡಿಸಲು ಬೇರೆ ಯಾರಿದ್ದಾರೆ?

ಆ್ಯಪ್ ಹುಡುಕುವ ಕೆಲಸವನ್ನು ನಮ್ಮ ತಂಡದಲ್ಲೇ ಇದ್ದ, ಕಾರ್ಖಾನೆಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತ ತಾನಾಗಿ ಮೈಮೇಲೆ ಎಳೆದುಕೊಂಡ. ನಾವು ಗೇಟಿಗೆ ಬರುವುದು ತಡವಾದರೆ ಗಡಿಯಾರ ತೋರಿಸುತ್ತಿದ್ದ ಆಸಾಮಿ ಅವನೇ. ಈಗಲೂ ಸ್ವಭಾವ ಬಿಟ್ಟಿಲ್ಲ.

ಮೊದಲು ಬರೆದು ಕಳಿಸುವ ಗ್ರೂಪ್ ಮಾಡಿದ. ಬೆಳಗಾದರೆ ಗುಲಾಬಿ ಹೂವು, ದೇವರ ಫೋಟೋ, ಸಕ್ಕರೆ ಕಾಯಿಲೆಗೆ ಹಾಗಲಕಾಯಿ. ಅವುಗಳ ಅಡಿಯಲ್ಲಿ ಎಲ್ಲೋ ಕೆಲಸದ ಮಾತು. ನಾನು ಸುಮ್ಮನೆ, ‘ನಾಳೆ ಎಲ್ಲರೂ ಕೆಂಪು ಅಂಗಿಯಲ್ಲಿ ಬರತಕ್ಕದ್ದು, ಅಕ್ಕಾರ ಹುಕುಂ’ ಎಂದು ಹಾಕಿದೆ. ನಾಲ್ವರು ಬಂದರು. ಗುಮಾಸ್ತನದು ಹೊಚ್ಚ ಹೊಸದು, ಬೆಲೆಚೀಟಿ ಸಹ ತೆಗೆದಿರಲಿಲ್ಲ. ಗೆಳೆಯನಿಗೆ ಮಾತ್ರ ಆ ಸಣ್ಣ ಅಕ್ಷರ ಕಾಣಿಸಲೇ ಇಲ್ಲ.

ಎರಡನೆಯದು ಗುಂಡಿ ಒತ್ತಿ ಮಾತಾಡುವ ಆ್ಯಪ್. ಜೀವಮಾನವೆಲ್ಲ ಯಂತ್ರದ ಗದ್ದಲದ ಮೇಲೆ ಕೂಗಿ ಬಾಳಿದ ಗಂಟಲುಗಳು ನಮ್ಮವು. ಎಲ್ಲರೂ ಒಮ್ಮೆಗೇ ಗುಂಡಿ ಒತ್ತಿದರು.

"ಹಲೋ! ಯಾರ ಮಾತಾಡೂದು?"

"ನೀ ಯಾರಲೇ?"

"ನಾ ಮೊದಲ ಕೇಳೇನಿ, ನೀ ಹೇಳು!"

ಒಬ್ಬನ ಮನೆಯ ಕುಕ್ಕರ್ ಕೂಗಿತು. ಇನ್ನೊಬ್ಬ ಗುಂಡಿ ಬಿಡಲು ಮರೆತು ಸೊಸೆಯ ಸಾರಿಗೆ ಉಪ್ಪಿಲ್ಲವೆಂಬುದನ್ನು ಊರಿಗೆಲ್ಲ ತಿಳಿಸಿದ. ಗೆಳೆಯನಿಗೆ ಇದೊಂದೂ ಕೇಳಿಸಲಿಲ್ಲ. ನನಗೆ ಫೋನನ್ನು ಕಾಳಿ ನದಿಗೆ ಎಸೆಯುವಷ್ಟು ತಲೆಕೆಟ್ಟಿತು.

"ಅವರ ಸಲುವಾಗಿ ಎಷ್ಟಂತ ನಿಂದ್ರೂದ್ರಿ? ಅವರನ್ನ ಬಿಡೂಣು" ಎಂದ ಗುಮಾಸ್ತ.

"ಮೊದಲ ನಿನ್ನ ಕೆಂಪಂಗಿ ಬಿಡು" ಎಂದೆ.

ಕೊನೆಗೆ ಅವನು ತಂದದ್ದು ಆಫೀಸಿನವರು ಬಳಸುವ, ಎಲ್ಲರ ಮುಖ ಚೌಕ ಚೌಕವಾಗಿ ಕಾಣುವ ಆ್ಯಪ್. ಅಕ್ಕನೂ ಒಂದು ಚೌಕದಲ್ಲಿ ಬಂದಳು. ಗೆಳೆಯನ ಮನೆಯವರು ಫೋನು ಸರಿಮಾಡಿ ಅವನ ಕೈಗೆ ಕೊಟ್ಟಿರಬೇಕು. ಅವನ ಚೌಕದಲ್ಲಿ ಒಂದು ಕಿವಿ ಕಂಡಿತು, ಕೂದಲ ಸಮೇತ. ಪುಣ್ಯಾತ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ.

"ಕಾಕಾ, ಮುಂದ ಹಿಡೀರಿ! ಮಾರಿ ಮುಂದ!" ಎಂದು ಅಕ್ಕ ಕೂಗಿದಳು. ಕಿವಿ ಅಲುಗಲಿಲ್ಲ. ಎಲ್ಲರೂ ಕೂಗಿದರು. ಕಿವಿ ಅಲ್ಲೇ ಇತ್ತು.

ಕಾಲ್ ಕಟ್ಟಾಯಿತೇ ಎಂದು ನೋಡಲು ಅವನು ಒಂದು ಕ್ಷಣ ಫೋನನ್ನು ಮುಂದಕ್ಕೆ ತಂದ. ರೋಸಿಹೋಗಿದ್ದ ನಾನು, ಮಶೀನಿನ ಮುಂದೆ ನಿಂತು ಅವನನ್ನು ಬೈಯುತ್ತಿದ್ದ ಹಳೆಯ ಸನ್ನೆಯನ್ನು ಮಾಡಿಯೇಬಿಟ್ಟೆ. ಅದರ ಅರ್ಥ ಇಲ್ಲಿ ಬರೆಯುವಂಥದ್ದಲ್ಲ. ಅವನ ಮುಖ ಅರಳಿತು. ಫೋನನ್ನು ಎಲ್ಲೋ ಆನಿಸಿಟ್ಟು, ಎರಡೂ ಕೈ ಎತ್ತಿ, ನನ್ನ ತಾಯಿಯ ತವರಿನವರೆಗೂ ಮುಟ್ಟುವ ಉತ್ತರ ಕೊಟ್ಟ.

ಕಾಗದದ ಮಶೀನಿನ ಬಳಿ ಮಾತು ಕೇಳಿಸುವುದಿಲ್ಲ. ಅಲ್ಲಿ ನಮ್ಮ ಸಂಸಾರವೆಲ್ಲ ಕೈಸನ್ನೆಯಲ್ಲೇ. ಎರಡು ಮುಷ್ಟಿ ಕೂಡಿಸಿ ಹರಿದಂತೆ ಮಾಡಿದರೆ ಕಾಗದ ಹರಿದಿದೆ, ಇದ್ದಬದ್ದವರೆಲ್ಲ ಓಡಿ ಬರಬೇಕು. ತಲೆ ಮುಟ್ಟಿ, ಟೊಪ್ಪಿಗೆ ತೆಗೆದಂತೆ ಕೈ ಇಳಿಸಿದರೆ ಪಾಳಿ ಮುಗಿಯಿತು, ಮನೆಗೆ ನಡೆ. ಆ ಸನ್ನೆಗೆ ಯಾರೂ ಎದುರು ಪ್ರಶ್ನೆ ಕೇಳುತ್ತಿರಲಿಲ್ಲ. ಈಗ ಚೌಕ ಚೌಕದಲ್ಲೂ ಕೈಗಳು ಹಾರಾಡತೊಡಗಿದವು.

"ಎಲ್ಲಾರ್ಗೂ ಹುಚ್ಚ ಹಿಡದೈತೇನ್ರಿ?" ಎಂದಳು ಅಕ್ಕ.

ವಿಷಯ ತಿಳಿಸಿದೆ. ವಿಡಿಯೋ ಇರಲಿ, ಶಬ್ದ ಬಂದ್ ಇರಲಿ ಎಂದು ತೀರ್ಮಾನವಾಯಿತು. ಗೆಳೆಯ ಉಳಿದ, ಅದೂ ರಾಮನಗರದಲ್ಲಿ ತಪ್ಪು ಮಾಡದಿದ್ದರೆ ಮಾತ್ರ. ಟೈಮ್ ಆಫೀಸಿನವನಿಗೆ ಸನ್ನೆ ಬಾರದು. ಅವನು ಮುಖ ಊದಿಸಿಕೊಂಡಿದ್ದನ್ನು ನೋಡಲು ನಾನು ಅವನ ಚೌಕವನ್ನು ದೊಡ್ಡದು ಮಾಡಿಕೊಂಡೆ.

ಆಮೇಲೆ ಅಕ್ಕ ನನ್ನೊಬ್ಬನಿಗೇ ಕಾಲ್ ಮಾಡಿ ತನಗೂ ಕಲಿಸಿರೆಂದಳು. ಅನ್ನ, ಸಾರು, ನೀರು, ಎಲ್ಲ ಸರಿಯಾಗಿಯೇ ಕಲಿಸಿದೆ. "ಶಾಬ್ಬಾಶ್ ಅನ್ನೂದಕ್ಕ?" ಎಂದು ಕೇಳಿದಳು. ನನ್ನ ಕೈ ತುರಿಸಿತು. ತಲೆ ಮುಟ್ಟಿ ಕೈ ಇಳಿಸಿ ತೋರಿಸಿದೆ. ಗುಮಾಸ್ತನಿಗೆ ಅವಳು ಶಾಬ್ಬಾಶ್ ಹೇಳುವಾಗ ನಾವೆಲ್ಲ ನಗಬಹುದೆಂಬುದಷ್ಟೇ ನನ್ನ ಲೆಕ್ಕ.

ರಾಮನಗರದಲ್ಲಿ ಬ್ಯಾಂಡಿನ ಅಬ್ಬರಕ್ಕೆ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ನಮಗೆ ಅದು ತವರುಮನೆ ಇದ್ದಂತೆ. ಮೊದಲ ಪಂಕ್ತಿ ನೀರು ಹರಿದಂತೆ ಸಾಗಿತು. ಗೆಳೆಯ ಹುಗ್ಗಿಯ ಬಕೆಟ್ ಹಿಡಿದು ನಡೆದ ಠೀವಿ ನೋಡಿ ಬೀಗರೂ ಎದ್ದು ದಾರಿ ಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಮನಸ್ಸು ತುಂಬಿ ಬಂದಿರಬೇಕು. ಅವನನ್ನು ನೋಡಿ, ಎಲ್ಲರೆದುರು, ತಲೆ ಮುಟ್ಟಿ ಕೈ ಇಳಿಸಿದಳು.

ಅವನ ನಗು ಮಾಯವಾಯಿತು. ಬಕೆಟ್ ಕೆಳಗಿಟ್ಟ. ಹೆಗಲ ಮೇಲಿನ ಟಾವೆಲ್ಲಿನಿಂದ ಕೈ ಒರೆಸಿ, ಅದನ್ನು ಮಡಚಿ ಬಕೆಟ್ಟಿನ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಪಂಕ್ತಿಯ ಆ ತುದಿಯಲ್ಲಿ ಮಜ್ಜಿಗೆ ಹಿಡಿದಿದ್ದ ನನಗೆ ತಿಳಿಯುವಷ್ಟರಲ್ಲಿ ಅವನು ರಸ್ತೆಗೆ ಇಳಿದಿದ್ದ. ಓಡುತ್ತಲೇ ವಿಡಿಯೋ ಕಾಲ್ ಮಾಡಿದೆ. ಕಿಸೆಯಲ್ಲಿ ಫೋನು ನಡುಗಿದ್ದು ತಿಳಿದಿರಬೇಕು, ಎತ್ತಿದ. ಪರದೆಯ ತುಂಬ ಕಿವಿ!

"ಅದನ್ನ ಕಿವಿಂದ ತಗೀಲೇ ಮಾರಾಯಾ!" ಎಂದು ನಡುಬೀದಿಯಲ್ಲಿ ಅರಚಿದೆ. ಕೇಳಿಸಬೇಕಲ್ಲ.

ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಅವನು ದಾಂಡೇಲಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ. ಬಸ್ಸು ಗುರುಗುಟ್ಟುತ್ತಿತ್ತು. ಎರಡು ಮುಷ್ಟಿ ಎತ್ತಿ ಹರಿದೆ: ಕಾಗದ ಹರಿಯಿತು! ಪಾಳಿ ಮುಗಿದವನೂ ಆ ಸನ್ನೆ ಕಂಡರೆ ಕೂತಿರುವಂತಿಲ್ಲ. ಅವನು ಕಂಡಕ್ಟರನನ್ನು ತಳ್ಳಿಕೊಂಡು ಇಳಿದು ಓಡಿಬಂದ.

"ಏನಾತಲೇ?"

ಕೈಯಿಂದಲೇ ಎಲ್ಲ ಹೇಳಿದೆ. ಅವನು ಬಸ್‌ಸ್ಟ್ಯಾಂಡಿನ ಜನರೆಲ್ಲ ನೋಡುವಂತೆ ಹಳೆಯ ಬೈಗುಳದ ಸನ್ನೆಗಳನ್ನು ಒಂದೂ ಬಿಡದೆ ನನಗೆ ಅರ್ಪಿಸಿದ.

ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ನಡೆದದ್ದು ತಿಳಿದು ಅಕ್ಕ ಸೌಟು ಎತ್ತಿದವಳು ಹೇಗೋ ತಡೆದುಕೊಂಡಳು. ಗೆಳೆಯನ ಕಿವಿಯ ಬಳಿ ಬಾಗಿ ಕೂಗಿದಳು: "ಹಂಗಾರ ಶಾಬ್ಬಾಶ್‌ಗೆ ಖರೇ ಸನ್ನಿ ಯಾವುದ್ರಿ ಕಾಕಾ?"

"ಅದಕ್ಕ ಸನ್ನೀನ ಇದ್ದಿಲ್ಲ ಅಕ್ಕಾರ" ಎಂದ ಅವನು. "ಯಾರರ ಯಾರಿಗರ ಅಂದ್ರಲ್ಲ ಬೇಕಾಗೂದು!"

ಅಕ್ಕ ಟಾವೆಲ್ ಎತ್ತಿ ಅವನ ಹೆಗಲಿಗೆ ಹಾಕಿದಳು. ನನ್ನ ಕಡೆ ತಿರುಗಿ, ತಲೆ ಮುಟ್ಟಿ ಕೈ ಇಳಿಸಿದಳು. ನಾನು ಕಾಣದವನಂತೆ ಮಜ್ಜಿಗೆ ಕಲಕಿದೆ.

ಮೊನ್ನೆ ಮುಂಡಗೋಡದ ಕೆಲಸಕ್ಕೆ ವಿಡಿಯೋ ಕಾಲ್ ಬಂತು. ಎಲ್ಲರ ಮುಖಗಳು ಬಂದವು. ನಡುವಿನ ಚೌಕದಲ್ಲಿ ಮತ್ತೆ ಅದೇ ಕಿವಿ. ಗುಮಾಸ್ತ ಗಡಿಯಾರ ತೋರಿಸಿದ, ನಾನು ಹಣೆ ಚಚ್ಚಿಕೊಂಡೆ. ಅಕ್ಕ ಮಾತ್ರ ಏನೂ ಅನ್ನದೆ, ಅವನು ಫೋನು ಇಳಿಸುವವರೆಗೂ ಬದನೆಕಾಯಿ ಹೆಚ್ಚುತ್ತ ಕಾದಳು.