ಹಾಲು ನಿಮ್ಮದು, ಪಾತ್ರೆ ನನ್ನದು

ರೇಷ್ಮೆ ಹುಳು ಸಾಕುವ ಮನೆಗೆ ಬೀಡಿ ಸೇದಿದವನು ಕಾಲಿಡುವ ಹಾಗಿಲ್ಲ. ಮಲ್ಲಿಗೆ ಮುಡಿದವಳು, ಸೆರಗಿಗೆ ಒಗ್ಗರಣೆ ವಾಸನೆ ಅಂಟಿಸಿಕೊಂಡವಳು, ಮುಟ್ಟಾದವಳು, ಯಾರೂ ಬರುವ ಹಾಗಿಲ್ಲ. ಬಂಗಾರಪೇಟೆಯ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಇದನ್ನೆಲ್ಲ ಕಲಿಸಿಕೊಟ್ಟವರು ನನ್ನ ಅತ್ತೆ. ನಾನು ಬೇಗ ಕಲಿತೆ. ಸೊಪ್ಪನ್ನು ಮುಟ್ಟಿದರೆ ಬೆಳಿಗ್ಗೆ ಕೊಯ್ದದ್ದೋ ಹಿಂದಿನ ದಿನದ್ದಕ್ಕೆ ನೀರು ಚಿಮುಕಿಸಿದ್ದೋ ಹೇಳುತ್ತಿದ್ದೆ. ಸೊಪ್ಪು ಮಾರಲು ಬಂದವನ ಜೊತೆ ಜಗಳವಿಲ್ಲದೆ ಬೆಲೆ ಇಳಿಸುತ್ತಿದ್ದೆ. ಕಿರಿಯರಿಗೆ ಒಂದು ಮಾತು ಹೇಳುತ್ತೇನೆ: ಬೆಲೆ ಕೇಳುವ ಮೊದಲು ವಸ್ತುವನ್ನು ಕೈಯಿಂದ ಕೆಳಗಿಡಿ. ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ಅರ್ಧ ಸೋತಂತೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ದಿನ ತುಂಬಿತ್ತು. ಚೊಚ್ಚಲು ಹೆರಿಗೆ ತೌರಿನಲ್ಲಿ ಆಗಬೇಕು ಎಂದು ಅಮ್ಮ ಕರೆಯಲು ಬಂದರು. ಹುಳು ಆಗ ಮೂರನೇ ಜ್ವರದಲ್ಲಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಬೆಂಕಿಯ ಹಸಿವು. ನೋಡಿಕೊಳ್ಳುವ ಕೈ ಬೇಕು. ಅತ್ತೆ ನಡುಮನೆಯಲ್ಲಿ ಕೂತು, ಇವಳು ಹೋದರೆ ಹುಳು ನೋಡುವವರು ಯಾರು, ಹೆರಿಗೆ ಎಲ್ಲಿ ಆದರೂ ಹೆರಿಗೆಯೇ ಅಲ್ಲವೇ ಎಂದು ಬೀಗಿತ್ತಿಗೆ ಹೇಳಿದರು. ಅಮ್ಮ ತಂದಿದ್ದ ಬೆಳ್ಳುಳ್ಳಿ, ತುಪ್ಪ, ಹಳೇ ಸೀರೆಯ ಗಂಟನ್ನು ಇಟ್ಟು ಒಬ್ಬರೇ ಬಸ್ಸು ಹತ್ತಿದರು.

ಹೆಣ್ಣು ಹುಟ್ಟಿತು. ಪುರುಡಿನವಳು ಹುಳುವಿನ ಮನೆಗೆ ಕಾಲಿಡಬಾರದು. ಆದರೆ ನನ್ನ ಕಣ್ಣಿಲ್ಲದೆ ಅಲ್ಲಿ ಕೆಲಸ ನಡೆಯದು. ಅತ್ತೆ ಇದಕ್ಕೆ ಉಪಾಯ ಮಾಡಿದರು. ಹುಳುವಿನ ಮನೆಗೆ ಅಂಟಿಕೊಂಡ ಕೋಣೆಯಲ್ಲೇ ನನಗೆ ಮಂಚ ಹಾಕಿಸಿದರು. ನಡುವಿನ ಗೋಡೆ ಸೂರಿನ ತನಕ ಹೋಗಿರಲಿಲ್ಲ, ಮೇಲೆ ಮೊಳದಷ್ಟು ಜಾಗ ತೆರೆದೇ ಇತ್ತು. ನಾನು ಮಲಗಿದಲ್ಲಿಂದ ಕೂಗಿ ಹೇಳಬೇಕು, ಆ ಕಡೆ ನನ್ನ ಓರಗಿತ್ತಿ ಮಾಡಬೇಕು. ಹುಳು ಮೇಯುವ ಸದ್ದು, ಸಣ್ಣ ಮಳೆ ಬಂದ ಹಾಗೆ, ಗೋಡೆ ದಾಟಿ ನನಗೆ ಕೇಳುತ್ತಿತ್ತು. ಆ ಸದ್ದಿನಲ್ಲೇ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳುತ್ತಿದ್ದೆ.

ಬಾಣಂತಿಗೆ ಗಾಳಿ ಸೋಕಬಾರದೆಂದು ಗಂಡ ಕಿಟಕಿಗೆ ಗೋಣಿಚೀಲ ತುರುಕಿದರು. ಎಣ್ಣೆ ನೀರು ಆದ ಮೇಲೆ ಅತ್ತೆ ಕೆಂಡದ ಮಡಕೆ ತಂದು ಮಂಚದ ಕೆಳಗಿಟ್ಟರು. ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ, ಒಣಗಿದ ಬೇವು. ನನಗೊಂದು ಸಲ, ಮಗುವಿಗೊಂದು ಸಲ, ಕೂದಲಿಗೊಂದು ಸಲ. ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು. ಹೊಗೆ ಎಲ್ಲಿಗೆ ಹೋಗುತ್ತದೆ? ಮೊದಲ ದಿನವೇ ಕಣ್ಣಾರೆ ಕಂಡೆ. ನಿಧಾನವಾಗಿ ಮೇಲೇರಿ, ಗೋಡೆಯ ನೆತ್ತಿ ದಾಟಿ, ಆ ಕಡೆಗೆ ಇಳಿಯಿತು.

ನಾನು ಹೇಳಿದೆ. “ಅತ್ತಮ್ಮ, ಒಗೆ ಉಳಿನ್ ಮನೆಗೋಗ್ತೈತೆ.”

“ದೇವ್ರಿಗಾಕೋ ಸಾಂಬ್ರಾಣಿ ಕಣೇ ಅದು, ಬೀಡಿ ಅಲ್ಲ” ಎಂದರು ಅತ್ತೆ. “ಬಾಣ್ತಿ ಬಾಯ್ಮುಚ್ಕೊಂಡು ಮಲ್ಗು, ಗಾಳಿ ಸೇರ್ಕೊಂತದೆ.”

ಬೀಡಿಯ ಹೊಗೆ ಬೇರೆ, ದೇವರ ಹೊಗೆ ಬೇರೆ ಎಂದು ಅವರು ಮನಸಾರೆ ನಂಬಿದ್ದರು. ಹುಳುವಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಲು ಇನ್ನೆರಡು ದಿನ ಇರುವಾಗಲೇ ಗೋಡೆಯಾಚೆಯ ಸದ್ದು ನಿಂತಿತು. ನಾನು ಕೂಗಿ ಕೇಳಿದೆ, ಓರಗಿತ್ತಿ ಅತ್ತೆಯನ್ನು ಕೂಗುತ್ತ ಹೊರಗೋಡಿದ್ದು ಕೇಳಿಸಿತು. ಆಮೇಲೆ ಗೊತ್ತಾಯಿತು: ಹುಳು ತಲೆಯೆತ್ತಿಕೊಂಡು ಹಸಿರು ನೀರು ಕಕ್ಕಿ ತಟ್ಟೆ ತಟ್ಟೆಯೇ ಸತ್ತಿತ್ತು. ಮನೆಯವರು ಅದನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ತಿಪ್ಪೆಗೆ ಸುರಿದರು. ಕೋಳಿಗಳು ಕೂಡ ಎರಡು ಸಲ ಕುಕ್ಕಿ ಬಿಟ್ಟವು.

ಸಂಜೆಗೆ ಅತ್ತೆ ಜಗುಲಿಯಲ್ಲಿ ಕೂತು, ನನಗೆ ಕೇಳುವ ಹಾಗೆ, ಊರವರಿಗೆ ಹೇಳಿದರು. “ಎಣ್ಣು ಉಟ್ತು, ಉಳ ಓಯ್ತು. ಅದ್ರ ಕಾಲ್ಗುಣ. ಯಾರೇನ್ ಮಾಡಕ್ಕಾಯ್ತದೆ.”

ನನಗೆ ಬೆಳೆ ಹೋದ ದುಃಖ ಅಲ್ಲಿಗೇ ಮುಗಿಯಿತು. ಕಣ್ಣು ಸರಿಯಾಗಿ ಬಿಡದ ಕೂಸಿನ ಕಾಲಿಗೆ ಆ ಮಾತು ಕಟ್ಟಿದ್ದಾರಲ್ಲ, ಅದನ್ನು ಬಿಚ್ಚಬೇಕು ಎನ್ನುವುದೊಂದೇ ಉಳಿಯಿತು. ಗಂಡನಿಗೆ ಹೊಗೆಯ ದಾರಿ ತೋರಿಸಿದೆ. ಗೋಡೆ ನೋಡಿದರು, ಗೋಣಿಚೀಲ ನೋಡಿದರು, ಒಗೆನೇ ಇರಬೌದು ಎಂದು ಗೊಣಗಿದರು. ನಿಮ್ಮ ಅಮ್ಮನ ಮುಂದೆ ಹೇಳಿ ಎಂದರೆ ಎದ್ದು ಸೊಪ್ಪಿನ ತೋಟಕ್ಕೆ ಹೋದರು. ನಾಮಕರಣ ಮುಂದಿನ ಬೆಳೆ ಆದ ಮೇಲೆ ನೋಡೋಣ ಎಂದಿತು ಮನೆ. ಅಲ್ಲಿಯ ತನಕ ಮಗುವನ್ನು ಅತ್ತೆ ‘ಅದು’ ಎಂದೇ ಕರೆದರು. ಅದು ಅಳ್ತದೆ, ಅದಕ್ಕೆ ಹಾಲು ಕೊಡು.

ಗಂಡನಿಗೆ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸ್ ಕಡೆ ಕೆಲಸ ಸಿಕ್ಕಿದಾಗ ನಾನು ಅವತ್ತೇ ಗಂಟು ಕಟ್ಟಿದೆ. ಗಣಿಯವರಿಗೆ ಸಾಲಾಗಿ ಕಟ್ಟಿದ ಉರಿಗಾಂನ ಲೈನು ಮನೆ, ಒಂದೇ ಕೋಣೆ. ಮಗುವಿಗೆ ಹೆಸರಿಟ್ಟದ್ದು ಅಲ್ಲೇ. ತೊಟ್ಟಿಲು ಎರವಲು, ಅಕ್ಕಪಕ್ಕದ ಹೆಂಗಸರು ಹಾಡಿದ್ದು ತಮಿಳಿನ ಜೋಗುಳ. ನನಗೆ ಒಂದಕ್ಷರ ತಿಳಿಯಲಿಲ್ಲ; ಮಗು ನಿದ್ದೆ ಹೋಯಿತು.

ಅತ್ತ ಹಳ್ಳಿಯಲ್ಲಿ ನಾವು ಹೊರಟು ಬಂದ ಮೇಲಿನ ಬೆಳೆ ಚೆನ್ನಾಗಿ ಆಯಿತು. ಹೊಗೆ ನಿಂತಿತ್ತು, ಬೆಳೆ ಆಯಿತು. ಅವರ ಪ್ರಕಾರ ಮಗು ಹೋಗಿತ್ತು, ಬೆಳೆ ಆಯಿತು. ಇಂಥ ವಾದದ ಎದುರು ಯಾವ ಚೌಕಾಸಿಯೂ ನಡೆಯುವುದಿಲ್ಲ.

ಕೈ ಕಟ್ಟಿ ಕೂರುವುದು ನನಗೆ ಬಾರದು. ಹುಳು ಬಿಟ್ಟರೆ ನನಗೆ ಗೊತ್ತಿದ್ದದ್ದು ಏನು? ಬಾಣಂತಿಯ ಸಾಮಾನು. ಲೈನುಗಳಲ್ಲಿ ಯಾವಾಗ ನೋಡಿದರೂ ಒಂದು ಮನೆಯಲ್ಲಿ ತೊಟ್ಟಿಲು ಇದ್ದೇ ಇರುತ್ತಿತ್ತು. ಆಂಡರ್ಸನ್‌ಪೇಟೆಯ ಅಂಗಡಿಯವನೊಬ್ಬನ ಹತ್ತಿರ ಒಟ್ಟಿಗೆ ಕೊಂಡು, ಒಣಶುಂಠಿ, ಓಮ, ಬಜೆ, ಕರಿಬೆಲ್ಲ, ಸಾಂಬ್ರಾಣಿ ಎಲ್ಲವನ್ನೂ ಪೊಟ್ಟಣ ಕಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಮನೆ ಮನೆ ತಿರುಗಿದೆ. ಮಗು ಸೊಂಟದಲ್ಲಿ. ಬಿಸಿಲಿನಲ್ಲಿ ಹಾಲು ಕಟ್ಟಿ ರವಿಕೆ ಒದ್ದೆಯಾದರೆ ಬಾಣಂತಿಯ ಮನೆಯ ಮೂಲೆಯಲ್ಲೇ ಕೂತು ಮಗಳಿಗೆ ಕುಡಿಸಿ, ಮತ್ತೆ ಎದ್ದು ವ್ಯಾಪಾರ. ಬಾಗಿಲಲ್ಲಿ ಕಂಡರೆ “ಸಾಂಬ್ರಾಣಿ ಇರುಕ್ಕಾಮ್ಮಾ?” ಎನ್ನುತ್ತಿದ್ದರು. ಇದೆ ತಾಯಿ, ನನ್ನ ಹತ್ತಿರ ಇರುವುದೇ ಅದು. ಪೊಟ್ಟಣ ಕೊಡುವಾಗಲೆಲ್ಲ ಕಿಟಕಿ ತೆರೆದಿಡಿ ಎಂದು ಹೇಳುತ್ತಿದ್ದೆ. ಸಾಮಾನು ಮಾರುವವಳು ಪುಕ್ಕಟೆ ಬುದ್ಧಿವಾದ ಸೇರಿಸಿ ಕೊಡುತ್ತಾಳೆ ಎಂದು ನಗುತ್ತಿದ್ದರು. ಮುಂದೆ ಆಂಡರ್ಸನ್‌ಪೇಟೆಯಲ್ಲೇ ಗೂಡಂಗಡಿ ಹಾಕಿದೆ. ಬುಟ್ಟಿ ಹೊತ್ತವಳ ಮುಂದೆ ಜನ ಚೌಕಾಸಿ ಮಾಡುವಷ್ಟು ಗಲ್ಲಾದ ಹಿಂದೆ ಕೂತವಳ ಮುಂದೆ ಮಾಡುವುದಿಲ್ಲ. ಸಾಧ್ಯವಾದಷ್ಟು ಬೇಗ ಕೂತುಬಿಡಿ.

ಮಗಳು ಎರಡನೇ ಕ್ಲಾಸಿಗೆ ಬಂದಾಗ ಹಳ್ಳಿಯಲ್ಲಿ ಹೊಸ ಮನೆ ಎದ್ದಿತು. ಗೃಹಪ್ರವೇಶಕ್ಕೆ ಬನ್ನಿ ಎಂದು ಭಾವನವರೇ ಬಂದು ಕರೆದರು. ಕಾಲ್ಗುಣದ ಆ ಮಾತು ಅಳಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದುಕೊಂಡೆ. ಮಗು ಎಲ್ಲರ ಜೊತೆ ಹೊಸ ಹೊಸ್ತಿಲು ದಾಟಲಿ, ಹಾಲು ಉಕ್ಕಲಿ, ಊರು ನೋಡಲಿ. ಹಾಲುಕ್ಕಿಸಲು ಪಾತ್ರೆ ನಾನೇ ತರುತ್ತೇನೆ ಎಂದು ಹೇಳಿ ಕಳಿಸಿದೆ. ಪಾತ್ರೆ ಅಂಗಡಿಯಲ್ಲಿ ಒಂದೊಂದನ್ನೂ ಬೆರಳಿಂದ ತಟ್ಟಿ, ಸದ್ದು ಕೇಳಿ, ದಪ್ಪ ತಳದ ಹಿತ್ತಾಳೆ ಪಾತ್ರೆ ಆರಿಸಿದೆ. ಜೀವನದಲ್ಲಿ ಬೆಲೆ ಇಳಿಸದೆ ಕೊಂಡ ವಸ್ತು ಅದೊಂದೇ.

ಚಪ್ಪರದ ಕೆಳಗೆ ಜನ ಸೇರಿದ್ದರು. ಮೊದಲು ಹಸು ಕರು ಒಳಗೆ ಹೋದವು. ಆಮೇಲೆ ಮನೆಯವರ ಸರದಿ. ಮಗಳು ಹೊಸ ಲಂಗ ಉಟ್ಟು ನನ್ನ ಸೆರಗು ಹಿಡಿದಿದ್ದಳು, ನನ್ನ ಕಂಕುಳಲ್ಲಿ ಹಾಲು ತುಂಬಿದ ಪಾತ್ರೆ. ಅತ್ತೆ ಹತ್ತಿರ ಬಂದು, ಪಾತ್ರೆಯನ್ನು ಓರಗಿತ್ತಿಯ ಕೈಗೆ ಕೊಡಲು ಹೇಳಿದರು. ಯಾಕೆ ಎಂದೆ.

“ನೀನು ಕೂಸು ಚಪ್ರದಾಗೇ ಇರ್ರಿ. ಆಲು ಉಕ್ಕಿದ್ ಮ್ಯಾಲೆ ಕರೀತೀನಿ. ಒಸಾ ಮನೆ ಕಣೇ, ಬ್ಯಾಸ್ರ ಮಾಡ್ಕಬ್ಯಾಡ.”

ಗದರಿಸಿದ್ದರೆ ಸಹಿಸುತ್ತಿದ್ದೆನೇನೋ. ಮೃದುವಾಗಿ ಹೇಳಿದರು, ಮಗಳ ತಲೆ ಸವರಿಕೊಂಡು ಹೇಳಿದರು. ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತ, “ಒಂದ್ ಗಳಿಗೆ ಮಾತು, ಒಂದ್ಕೊಂಡೋಗೇ” ಎಂದು ಹಸು ಹೋದ ದಾರಿಯಲ್ಲಿ ಬಲಗಾಲಿಟ್ಟು ಒಳಗೆ ಹೋದರು. ಕಿಟಕಿಗೆ ಗೋಣಿಚೀಲ ತುರುಕಿದ ಕೈಯಲ್ಲಿ ಕಳಶ ಹಿಡಿದಿದ್ದರು.

ನಾನು ಪಕ್ಕದಲ್ಲಿದ್ದ ಬಿಂದಿಗೆಗೆ ಹಾಲನ್ನು ಒಂದು ಹನಿ ಚೆಲ್ಲದೆ ಬಗ್ಗಿಸಿದೆ. ಖಾಲಿ ಪಾತ್ರೆಯನ್ನು ಸೊಂಟಕ್ಕೇರಿಸಿದೆ.

“ಆಲು ನಿಮ್ದು ಅತ್ತಮ್ಮ. ಪಾತ್ರೆ ನಂದು.”

ಮಗಳ ಕೈ ಹಿಡಿದು ರಸ್ತೆಗೆ ಬಂದೆ. ಹಿಂದಿನಿಂದ ಯಾರೋ ಕೂಗಿದರು, ಅಲ್ಯೂಮಿನಿಯಂ ಡಬರಿಗಾಗಿ ಯಾರೋ ಓಡಿದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಉರಿಗಾಂ ಕಡೆಯ ರೈಲಿಗೆ ಕಾಯುತ್ತ ಕೂತೆವು. ಕಡಲೆಕಾಯಿ ಕೊಡಿಸಿದೆ, ಮಗಳು ಪಾತ್ರೆಯೊಳಗೇ ಸಿಪ್ಪೆ ಹಾಕುತ್ತ ತಿಂದಳು. ಕಡಲೆಕಾಯಿ ಮುಗಿಸಿ ಕೇಳಿದಳು.

“ಅಮ್ಮಾ, ನಾನು ಬಲಗಾಲೇ ಇಡ್ತಿದ್ದೆ. ಆದ್ರೂ ಬ್ಯಾಡ್ವಾ?”

ಇಡೀ ಲೈನಿಗೆ ಬುದ್ಧಿ ಹೇಳುವವಳು ನಾನು. ರೈಲು ಬಂತು ಏಳು ಎಂದೆ. ಬಂದಿರಲಿಲ್ಲ.

ಮಾರನೆಯ ದಿನ ಗಂಡ ಎಲೆಯಲ್ಲಿ ಒಬ್ಬಟ್ಟು ಕಟ್ಟಿಸಿಕೊಂಡು ಬಂದರು. ಮಗಳು ತಿಂದಳು, ನಾನು ತಡೆಯಲಿಲ್ಲ. ಅನ್ನದ ಮೇಲೆ ಸಿಟ್ಟು ತೀರಿಸುವುದು ನಷ್ಟದ ವ್ಯಾಪಾರ. ಅವರನ್ನು ಮಾತ್ರ ನಾನು ಆ ದಿನದ ಬಗ್ಗೆ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಣಿಯ ಕೆಲಸ ಮುಗಿಯುವ ತನಕ, ಅದರಾಚೆಗೂ, ನಾವು ಹಾಗೇ ಸಂಸಾರ ಮಾಡಿದೆವು.

ಆ ಪಾತ್ರೆಯಲ್ಲೇ ಈಚೆಗೆ ನನ್ನ ಮಗಳ ಮಗುವಿಗೆ ಸ್ನಾನದ ನೀರು ಕಾಯಿಸಿದೆ. ಕಿಟಕಿ ತೆರೆದಿತ್ತು. ಹಳ್ಳಿಯಿಂದ ಯಾರಾದರೂ ಅಂಗಡಿಗೆ ಬಂದರೆ ಇವತ್ತಿಗೂ ನಗುತ್ತ ಅದನ್ನೇ ಎತ್ತುತ್ತಾರೆ: ಗೃಹಪ್ರವೇಶದ ದಿನ ಪಾತ್ರೆ ಎತ್ತಿಕೊಂಡು ಹೋದ ಸೊಸೆ ನೀನೇ ಅಲ್ಲವೇನಮ್ಮ? ಹೌದು, ನಾನೇ. ಚಪ್ಪರದ ಕೆಳಗೆ ಒಂದು ಮಗುವನ್ನು ನಿಲ್ಲಿಸಿದ್ದು ಮಾತ್ರ ಅವರಲ್ಲಿ ಒಬ್ಬರಿಗೂ ನೆನಪಿಲ್ಲ.