ಎರಡು ಗೀಟಿನ ಟಿಕೆಟ್

ಕೋವಿಡ್ ಕಾಟ ಮುಗಿದು ಪ್ಯಾಸೆಂಜರ್ ಗಾಡಿಗಳು ಮತ್ತೆ ಓಡತೊಡಗಿದ ವರ್ಷ ನಾನು ಬೀರೂರಿನಲ್ಲಿ ಟಿಕೆಟ್ ಪರೀಕ್ಷಕಿಯಾಗಿದ್ದೆ. ಕೆಲವು ದಿನ ತರೀಕೆರೆ ಲೈನು. ಉಳಿದ ದಿನ ಅಜ್ಜಂಪುರದ ಕಡೆಯಿಂದ ಬರುವ ಬೆಳಗಿನ ಎರಡನೇ ಗಾಡಿಯಲ್ಲಿ ಕಡೂರಿನವರೆಗೆ ಡ್ಯೂಟಿ. ಈ ಕೆಲಸದಲ್ಲಿ ಇರುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಟಿಕೆಟ್ ಇಲ್ಲದವನು ಮನಸ್ಸಿನಲ್ಲೇ ಶಪಿಸುತ್ತಾನೆ, ಇದ್ದವನು ನನ್ನನ್ನೂ ಕೇಳುತ್ತೀಯಾ ಎಂದು ಗುರಾಯಿಸುತ್ತಾನೆ. ನಾನೂ ಯಾರ ಪ್ರೀತಿಯನ್ನೂ ಬಯಸಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಟಿಕೆಟ್ ಎಂದರೆ ಗಟ್ಟಿ ರಟ್ಟಿನ ತುಂಡು. ಅದಕ್ಕೆ ತೂತು ಹಾಕಲು ಒಂದು ಇಕ್ಕಳ ಕೊಡುತ್ತಿದ್ದರು, ನಾವು ಅದನ್ನು ಪಂಚ್ ಎನ್ನುತ್ತಿದ್ದೆವು. ನಮ್ಮಲ್ಲಿ ಒಬ್ಬೊಬ್ಬರ ಪಂಚಿಗೂ ಒಂದೊಂದು ಆಕಾರದ ತೂತು. ಅದನ್ನು ನೋಡಿದರೆ ಯಾರು ತಪಾಸಣೆ ಮಾಡಿದ್ದು ಎಂದು ತಿಳಿಯುತ್ತಿತ್ತು. ರಟ್ಟು ಹೋಗಿ ಕಂಪ್ಯೂಟರಿನ ತೆಳು ಕಾಗದ ಬಂತು. ಕೊನೆಗೆ ಪಂಚ್ ಕೂಡ ಮೂಲೆ ಸೇರಿ, ಬಾಲ್ ಪೆನ್ನಿನಲ್ಲಿ ಒಂದು ಗೀಟು ಎಳೆದರೆ ಸಾಕು ಎಂಬ ಪದ್ಧತಿ ಬಂತು. ಗೀಟಿಗೆ ಅಪ್ಪ ಅಮ್ಮ ಇಲ್ಲ, ಎಲ್ಲರದೂ ಒಂದೇ ಥರ ಎಂದು ಮೀಟಿಂಗಿನಲ್ಲಿ ಹೇಳಿದೆ. "ಇನ್ನೇನು ಎಲ್ಲ ಮೊಬೈಲಿಗೆ ಬರುತ್ತಮ್ಮ, ನಿಮಗ್ಯಾಕೆ ಚಿಂತೆ?" ಎಂದು ಸಾಹೇಬರೊಬ್ಬರು ನಕ್ಕರು. ಮೈಯೆಲ್ಲ ಉರಿದುಹೋಯಿತು.

ನನ್ನದು ಇಕ್ಕಳ ಒತ್ತಿ ಪಳಗಿದ ಕೈ. ಪೆನ್ನು ಹಿಡಿದರೂ ಅದೇ ಜೋರು. ಗೀಟು ಮುಗಿಯುವಲ್ಲಿ ಪೆನ್ನಿನ ಮೊನೆ ಕಾಗದವನ್ನು ತೂರಿಕೊಂಡು ಆಚೆ ಹೋಗುತ್ತಿತ್ತು. ಬೇಕೆಂದು ಮಾಡಿದ್ದಲ್ಲ, ಬಿಡಬೇಕೆಂದು ಅನ್ನಿಸಲೂ ಇಲ್ಲ.

ಇದನ್ನೇ ಹಿಡಿದು ಜಗಳ ತೆಗೆದವರು ಅಜ್ಜಂಪುರದ ತಿಪ್ಪೇಶಪ್ಪ. ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ್. ಉಳಿದ ದಿನ ಬಸ್ಸಿನಲ್ಲಿ ಹೋಗಿ ವಾರಕ್ಕೆ ಎರಡು ದಿನವಷ್ಟೇ ರೈಲು ಹತ್ತುತ್ತಿದ್ದರಿಂದ ಪಾಸು ಮಾಡಿಸದೆ ಕೌಂಟರ್ ಟಿಕೆಟ್ ಕೊಳ್ಳುತ್ತಿದ್ದರು. "ಏನಮ್ಮಾ, ಟಿಕೆಟ್ ಚೆಕ್ ಮಾಡ್ತೀಯೋ, ಕಿವಿ ಚುಚ್ತೀಯೋ?" ಎಂದು ಒಂದು ದಿನ ಬೋಗಿಯನ್ನೆಲ್ಲ ನಗಿಸಿದರು. ಅಷ್ಟಕ್ಕೇ ಬಿಡದೆ, ಟಿಕೆಟ್ ಹರಿಯುತ್ತಾಳೆ ಎಂದು ಮೇಲಿನವರಿಗೆ ದೂರು ಬರೆದರು. ನನಗೆ ಮೆಮೊ ಬಂತು: ಇನ್ನೊಮ್ಮೆ ಹೀಗೆ ಮಾಡಿದರೆ ಬೀರೂರಿನಿಂದ ಎತ್ತಂಗಡಿ. ಮನೆ ಸ್ಟೇಷನ್ನಿನ ಹಿಂದೆಯೇ ಇದ್ದು, ನಿವೃತ್ತಿ ಹತ್ತಿರವಾಗುತ್ತಿದ್ದವಳಿಗೆ ಅದು ಸಣ್ಣ ಮಾತಲ್ಲ. ಆದರೂ ಕೈಯ ಜೋರು ಇಳಿಯಲಿಲ್ಲ, ಪೆನ್ನಿನ ಮೊನೆ ಕಾಗದ ತೂರುತ್ತಲೇ ಇತ್ತು. ಅಂದಿನಿಂದ ಆ ಮನುಷ್ಯನ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ.

ಆಗ ನಮ್ಮ ಲೈನಿನಲ್ಲಿ ಒಂದು ಮೋಸ ನಡೆಯುತ್ತಿತ್ತು. ಮೊದಲ ಗಾಡಿಗೆ ಅಜ್ಜಂಪುರದಿಂದ ಕಡೂರಿಗೆ ಟಿಕೆಟ್ ಕೊಂಡವನು ಬೀರೂರಿನಲ್ಲೇ ಇಳಿದು, ಅದನ್ನು ಎರಡನೇ ಗಾಡಿ ಹತ್ತುವವನಿಗೆ ದಾಟಿಸುವುದು. ಇದನ್ನು ಹಿಡಿಯಲು ಹೊರಗಿನಿಂದ ಒಂದು ತಂಡ ಬಂದು ಒಂದು ಬೆಳಿಗ್ಗೆ ಕಡೂರಿನ ಗೇಟಿನಲ್ಲಿ ನಿಂತಿತು. ಇಳಿದವರ ಟಿಕೆಟ್ ಇಸಿದುಕೊಂಡು ಒಂದೊಂದು ಗಾಡಿಯದನ್ನು ಒಂದೊಂದು ರಾಶಿ ಮಾಡಿ ಮೇಜಿನ ಮೇಲೆ ಹಾಕುತ್ತಿದ್ದರು. ಎರಡು ಗೀಟಿದ್ದರೆ ಎರಡು ಗಾಡಿಯಲ್ಲಿ ಓಡಿದ ಟಿಕೆಟ್ ಎಂಬುದು ಅವರ ತರ್ಕ.

ನಾನು ಗಾಡಿ ಇಳಿದು ಗೇಟಿಗೆ ಬರುವಷ್ಟರಲ್ಲಿ ತಿಪ್ಪೇಶಪ್ಪ ಸಿಕ್ಕಿಬಿದ್ದಿದ್ದರು. ಅವರು ಟಿಕೆಟ್ ಕೊಂಡಿದ್ದು ಮೊದಲ ಗಾಡಿಗೆ. ಅದು ತಪ್ಪಿಹೋಗಿ ನನ್ನ ಗಾಡಿ ಹತ್ತಿದ್ದರು. ಅಜ್ಜಂಪುರ ಬಿಟ್ಟ ಮೇಲೆ ನಾನು ಒಂದು ಗೀಟು ಹಾಕಿದ್ದೆ. ಬೀರೂರಿನಲ್ಲಿ ಅವರು ಬೇರೆ ಬೋಗಿಗೆ ಹೋಗಿ ಕೂತಿದ್ದು ಕಂಡು ಮತ್ತೊಮ್ಮೆ ಟಿಕೆಟ್ ಕೇಳಿ ಇನ್ನೊಂದು ಗೀಟು ಎಳೆದಿದ್ದೆ. ಕೇಳುವ ಹಕ್ಕು ನನಗಿತ್ತು, ಕೇಳಿದೆ.

"ಆಯಮ್ಮನೇ ಎರಡು ಸಲ ಗೀಚಿದ್ದು ಕಣ್ರೀ!" ಎಂದು ಅವರು ಕೂಗುತ್ತಿದ್ದರು. ತಂಡದವರು ಕಿವಿಗೇ ಹಾಕಿಕೊಳ್ಳಲಿಲ್ಲ. ಇದು ದಂಡ ಕಟ್ಟಿ ಹೋಗುವ ತಪ್ಪಲ್ಲ, ಮೋಸದ ಕೇಸು. ಸರ್ಕಾರಿ ನೌಕರನಾದ್ದರಿಂದ ಕಚೇರಿಗೂ ಬರೆಯುತ್ತೇವೆ ಎಂದರು. ಕೇಸಾದರೆ ಅಮಾನತು ಗ್ಯಾರಂಟಿ. ಹಿಂದೆ ಅವರ ಜೊತೆ ನಕ್ಕಿದ್ದವರೇ ಈಗ ಸುತ್ತ ನಿಂತು ಮೊಬೈಲ್ ಎತ್ತಿದ್ದರು. "ಖಾತೆ ಬದಲಾವಣೆಗೆ ಹೋದ್ರೆ ನಮ್ಗೆ ಕಾನೂನು ಹೇಳ್ತಿದ್ದೆ. ಈಗ ಹೇಳಪ್ಪಾ!" ಎಂದು ಒಬ್ಬ ಕೂಗಿದ.

ಸುಳ್ಳೇಕೆ ಹೇಳಲಿ, ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅವರು ನನ್ನನ್ನು ನೋಡಿದರು. ಬೇಡಿಕೊಳ್ಳಲಿಲ್ಲ, ಮುಖ ತಿರುಗಿಸಿದರು. ಹಾಗೇ ಹೊರಟುಬಿಡಬಹುದಿತ್ತು. ಆದರೆ ತಂಡದ ಮುಖ್ಯಸ್ಥ ನನ್ನ ಗೀಟಿನ ಮೇಲೆ ಬೆರಳಿಟ್ಟು "ಇದೇ ಸಾಕ್ಷಿ" ಎಂದಾಗ ಸಿಟ್ಟು ಆತನ ಕಡೆ ತಿರುಗಿತು. ನಾನು ಹಾಕಿದ ಗುರುತು ಏನು ಹೇಳುತ್ತದೆಂದು ನನಗೆ ಗೊತ್ತು, ಈತ ಯಾರು ಹೇಳಲು?

"ಎರಡೂ ನನ್ನ ಗೀಟು" ಎಂದೆ.

"ಲೋಕಲ್ ಸ್ಟಾಫು, ಲೋಕಲ್ ಪ್ಯಾಸೆಂಜರು. ಏನು ಮೇಡಂ, ಹೊಂದಾಣಿಕೆನಾ? ಗೀಟಿನ ಮೇಲೆ ನಿಮ್ಮ ಹೆಸರಿದೆಯಾ?"

ಹೆಸರಿತ್ತು. ಅದನ್ನು ತೋರಿಸಿದರೆ ಮೆಮೊ ಮೀರಿದ್ದೇನೆಂದು ನಾನೇ ಒಪ್ಪಿಕೊಂಡ ಹಾಗೆ. ಟಿಕೆಟ್ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಎರಡು ಗೀಟಿನ ತುದಿಯಲ್ಲೂ ಸೂಜಿ ಚುಚ್ಚಿದಷ್ಟು ತೂತು.

"ಮೊದಲ್ನೇ ಗಾಡಿ ರಾಶಿ ನೋಡ್ರಿ, ಒಂದ್ರಲ್ಲೂ ತೂತಿರಲ್ಲ. ನನ್ ಗಾಡಿ ರಾಶಿ ನೋಡ್ರಿ, ಎಲ್ಲಾದ್ರಲ್ಲೂ ಐತೆ. ನಾನು ಮೊದಲ್ನೇ ಗಾಡೀಲಿ ಇರ್ಲೇ ಇಲ್ಲ."

ಅವರು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದರು. ನಾನು ಹೇಳಿದಂತೆಯೇ ಇತ್ತು. ಮೊಬೈಲುಗಳು ಜೇಬು ಸೇರಿದವು. ಮುಖ್ಯಸ್ಥ ತಿಪ್ಪೇಶಪ್ಪನವರಿಗೆ "ಹೋಗಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಟಿಕೆಟ್ ಚುಚ್ಚೋದನ್ನ ನಾನು ರಿಪೋರ್ಟಿನಲ್ಲಿ ಬರೀಲೇಬೇಕು" ಎಂದ. ಬರೆದುಕೊಳ್ಳಿ ಎಂದೆ.

ಬರೆದ. ಸ್ವಲ್ಪ ದಿನಕ್ಕೇ ಎತ್ತಂಗಡಿ ಆದೇಶ ಬಂತು. ಉಳಿದ ನೌಕರಿಯನ್ನು ಬೇರೆ ಊರಿನ ಬಾಡಿಗೆ ಕೋಣೆಯಲ್ಲಿ ಕಳೆದು ನಿವೃತ್ತಳಾದೆ. ಇವತ್ತಿಗೂ ಆ ಮೆಮೊ ಕೊಟ್ಟವರನ್ನು ನಾನು ಕ್ಷಮಿಸಿಲ್ಲ, ದೂರು ಬರೆದವರನ್ನೂ ಇಲ್ಲ. ಆದರೆ ಈ ಕೆಲಸ ನನಗೆ ಒಂದನ್ನು ಕಲಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಎದುರಿಗಿರುವವನು ನಮಗೆ ಬೇಕಾದವನೇ ಆಗಬೇಕಿಲ್ಲ. ಗುರುತು ಹಾಕಿದ ಕೈ ಅದಕ್ಕೆ ಜವಾಬು ಕೊಡಬೇಕು, ಅಷ್ಟೇ.

ಬೀರೂರಿನಲ್ಲಿ ನನ್ನ ಕೊನೆಯ ಡ್ಯೂಟಿಯ ದಿನ ತಿಪ್ಪೇಶಪ್ಪ ಅದೇ ಗಾಡಿಯಲ್ಲಿದ್ದರು. ನನ್ನ ವರ್ಗಾವಣೆಯ ಸುದ್ದಿ ಅವರಿಗೂ ಮುಟ್ಟಿತ್ತು. ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ನಿನ್ನಿಂದ ಉಳ್ಕೋಬೇಕಾಯ್ತಲ್ಲಾ ಅಂತ ದಿನಾ ಹೊಟ್ಟೆ ಉರೀತೈತೆ ಕಣಮ್ಮಾ."

"ನಂಗೂ ಉರೀತೈತೆ" ಎಂದೆ. "ಟಿಕೆಟ್ ತೆಗೀರಿ."